ಮಾರ್ಕರ್ ಸರ್ ಬಂದ ಮೇಲೆ

ನಾನು ಮೊದಲ ಸಲ ಪೂಲ್ ಟೂರ್ನಮೆಂಟ್ ಇಟ್ಟಾಗ ಬಂದವರು ಏಳು ಜನ. ಅದರಲ್ಲಿ ಇಬ್ಬರು ನನ್ನ ಚಿಕ್ಕಪ್ಪನ ಮಕ್ಕಳು. ಊಟ ಹಾಕಿಸುತ್ತೇನೆ ಅಂದಿದ್ದಕ್ಕೆ ಬಂದಿದ್ದರು.

ನನ್ನದು ಬೆಂಗಳೂರಿನ ಪಶ್ಚಿಮದ ಕಡೆ ಒಂದು ಹಾರ್ಡ್‌ವೇರ್ ಅಂಗಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಪೂಲ್ ಪಾರ್ಲರ್‌ಗಳಲ್ಲೇ ನನ್ನ ಭಾನುವಾರಗಳು ಕಳೆದಿವೆ. ನೀವು ನೋಡಿರಬಹುದು, ಕೆಳಗೆ ಬೇಕರಿ, ಮೇಲೆ ಜಿಮ್ಮು, ನಡುವಿನ ಮಹಡಿಯಲ್ಲಿ ಕರ್ಟನ್ ಎಳೆದ ಒಂದು ಹಾಲ್. ಎರಡು ಸ್ನೂಕರ್ ಟೇಬಲ್, ಮೂರು ಪೂಲ್ ಟೇಬಲ್. ಎರಡೂ ಕೋಲಿನಿಂದ ಬಾಲ್ ಹೊಡೆದು ಪಾಕೆಟ್‌ಗೆ ಹಾಕುವ ಆಟಗಳೇ. ಪ್ರತಿ ಪಾರ್ಲರ್‌ಗೂ ಒಬ್ಬ ರಾಜ. ಅವನು ಅಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ, ಬೇರೆ ಪಾರ್ಲರ್ ಕಡೆ ಮಾತ್ರ ತಲೆ ಹಾಕುವುದಿಲ್ಲ. ಹೋಗಿ ಸೋತರೆ ಮರ್ಯಾದೆ ಹೋಗುತ್ತದಲ್ಲ! ನಾಲ್ಕು ಪಾರ್ಲರ್ ಹುಡುಗರನ್ನು ಒಂದೇ ಕಡೆ ಸೇರಿಸಬೇಕು ಅನ್ನುವುದು ನನ್ನ ಆಸೆ. ಪೋಸ್ಟರ್ ಅಂಟಿಸಿದೆ, ವಾಟ್ಸಾಪ್ ಗುಂಪು ಮಾಡಿದೆ, ಬಹುಮಾನ ಇಟ್ಟೆ. ಏಳು ಜನ.

ಇದನ್ನು ಸರಿ ಮಾಡಿದ್ದು ನಾನಲ್ಲ, ಒಂದು ಅಬ್ಯಾಕಸ್ ಕ್ಲಾಸು.

ನಮ್ಮ ಪಾರ್ಲರ್ ಎದುರುಗಡೆ ಮಕ್ಕಳ ಅಬ್ಯಾಕಸ್ ಕ್ಲಾಸ್ ಶುರುವಾಯಿತು. ಮೊಮ್ಮಗನನ್ನು ಅಲ್ಲಿ ಬಿಟ್ಟು, ಒಂದು ಗಂಟೆ ಹೊತ್ತು ಕಳೆಯಲು ಹಿರಿಯರೊಬ್ಬರು ನಮ್ಮ ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಕನ್ನಡಕದ ಡಬ್ಬಿ. ಬಂದವರು ಆಟ ನೋಡಲಿಲ್ಲ. ಖಾಲಿ ಇದ್ದ ಸ್ನೂಕರ್ ಟೇಬಲ್ ಹತ್ತಿರ ಹೋಗಿ ಬಟ್ಟೆಯ ಮೇಲೆ ಅಂಗೈ ಆಡಿಸಿದರು. ಆಮೇಲೆ ಕೌಂಟರ್ ಹುಡುಗನನ್ನು ಕೇಳಿದರು, "ಬ್ರಷ್ ಎಲ್ಲಿದೆಯಪ್ಪಾ?"

ಬ್ರಷ್ ಇರಲಿಲ್ಲ. ಟೇಬಲ್‌ಗೆ ಬ್ರಷ್ ಹಾಕಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಅವರು ನಗರದ ಒಂದು ಹಳೆಯ ಕ್ಲಬ್ಬಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಮಾರ್ಕರ್ ಆಗಿದ್ದವರು. ಈಗಿನ ಹುಡುಗರಿಗೆ ಈ ಪದ ಗೊತ್ತಿಲ್ಲ. ಕ್ಲಬ್ಬಿನ ಬಿಲಿಯರ್ಡ್ಸ್ ರೂಮಿನಲ್ಲಿ ಸ್ಕೋರ್ ಬರೆಯುವವನು, ಬಾಲ್ ಒರೆಸುವವನು, ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವವನು, ಕ್ಯೂಗೆ, ಅಂದರೆ ಆಡುವ ಕೋಲಿಗೆ, ಹೊಸ ಟಿಪ್ ಅಂಟಿಸುವವನು, ಜೊತೆಗಾರ ಸಿಗದ ಮೆಂಬರ್ ಜೊತೆ ಆಡುವವನು. ಎಷ್ಟೋ ಸಲ ಆ ರೂಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನೂ ಅವನೇ. ಆದರೆ ಹೆಸರು ಬೋರ್ಡಿನ ಮೇಲೆ ಬರುತ್ತಿದ್ದುದು ಮೆಂಬರ್‌ಗಳದು.

ಮುಂದಿನ ವಾರ ಮನೆಯಿಂದಲೇ ಬ್ರಷ್ ತಂದರು. ಸ್ನೂಕರ್ ಬಟ್ಟೆಗೆ ಒಂದು ದಿಕ್ಕಿಗೆ ಮಲಗಿದ ಸಣ್ಣ ರೋಮ ಇರುತ್ತದೆ. ಬಾಕ್, ಅಂದರೆ ಆಟ ಶುರು ಮಾಡುವ ತುದಿಯಿಂದ, ಕಪ್ಪು ಬಾಲ್ ಇಡುವ ತುದಿಯ ಕಡೆಗೆ, ಆ ರೋಮ ಮಲಗಿದ ದಿಕ್ಕಿನಲ್ಲೇ ಬ್ರಷ್ ಎಳೆಯಬೇಕು. ಹಿಂದಕ್ಕೆ ಎಳೆದರೆ ಎದ್ದು ನಿಲ್ಲುತ್ತದೆ, ಬಾಲ್ ಅಡ್ಡ ಹೋಗುತ್ತದೆ. ಪೂಲ್ ಟೇಬಲ್ ಬಟ್ಟೆ ನುಣುಪು, ಅದಕ್ಕೆ ಈ ದಿಕ್ಕಿನ ಲೆಕ್ಕ ಇಲ್ಲ. ಆದರೂ ಮಾರ್ಕರ್ ಸರ್ ಅದಕ್ಕೂ ಅದೇ ಶ್ರದ್ಧೆಯಿಂದ ಅದೇ ದಿಕ್ಕಿನಲ್ಲೇ ಎಳೆಯುತ್ತಿದ್ದರು. ಕೈ ಅಭ್ಯಾಸ, ಬಿಡಿ.

ಮೂರನೇ ವಾರ ನಮ್ಮ ಪಾರ್ಲರಿನ ರಾಜ ಅವರನ್ನು ಆಟಕ್ಕೆ ಕರೆದ. ಏಟ್ ಬಾಲ್, ಅಂದರೆ ತಮ್ಮ ಪಾಲಿನ ಬಾಲ್‌ಗಳನ್ನೆಲ್ಲ ಹಾಕಿ ಕೊನೆಗೆ ಕಪ್ಪು ಹಾಕಿದವರು ಗೆದ್ದ ಹಾಗೆ. ಸೋತವರು ಟೇಬಲ್ ದುಡ್ಡು ಕೊಡಬೇಕು, ಅದು ಎಲ್ಲ ಕಡೆಯ ನಿಯಮ. ಸರ್ ಗೋಡೆಗೆ ಒರಗಿಸಿದ್ದ ಕ್ಯೂಗಳಲ್ಲಿ ನಾಲ್ಕೈದನ್ನು ಟೇಬಲ್ ಮೇಲೆ ಉರುಳಿಸಿ, ಸೊಟ್ಟ ಇಲ್ಲದ ಒಂದನ್ನು ಆರಿಸಿಕೊಂಡರು. ನಮ್ಮವನು ಪಟಪಟ ನಾಲ್ಕು ಬಾಲ್ ಹಾಕಿದ. ಸರ್ ಒಂದು ಹಾಕಿದರು, ಮುಂದಿನ ಶಾಟಿಗೆ, ಕ್ಯೂನಿಂದ ಹೊಡೆಯುವ ವೈಟ್ ಬಾಲನ್ನು ಕಪ್ಪು ಬಾಲಿನ ಹಿಂದೆ, ಹುಡುಗನಿಗೆ ತನ್ನ ಬಾಲ್ ಕಡೆ ನೇರ ದಾರಿ ಸಿಗದ ಹಾಗೆ ಅಡಗಿಸಿ ಕೂತರು. ಹುಡುಗ ತಪ್ಪಿದ. ಮತ್ತೆ ಒಂದು ಹಾಕಿದರು, ಮತ್ತೆ ಅಡಗಿಸಿದರು. ಹುಡುಗನಿಗೆ ತಾನು ಯಾಕೆ ಸೋಲುತ್ತಿದ್ದೇನೆ ಅಂತಲೇ ಗೊತ್ತಾಗುತ್ತಿಲ್ಲ. ಕೊನೆಗೆ ಸರ್‌ಗೆ ಕಪ್ಪು ಒಂದೇ ಉಳಿದಿತ್ತು, ನೇರ ಶಾಟ್. ಬಗ್ಗಿದವರು ಎದ್ದು ನಿಂತರು.

"ತೋಳು ತಾಗಿತು. ಫೌಲ್. ನಿನ್ನ ಆಟ ಕಣ್ ಮರಿ."

ಯಾರೂ ನೋಡಿರಲಿಲ್ಲ. ಹುಡುಗನೂ ನೋಡಿರಲಿಲ್ಲ. ಅವನು ಆ ಗೇಮ್ ಗೆದ್ದ, ಟೇಬಲ್ ದುಡ್ಡು ಸರ್ ಕೊಟ್ಟರು. ಆದರೆ ಅವತ್ತು ಸಂಜೆಯೆಲ್ಲ ಮಾತಾಗಿದ್ದು ಗೆದ್ದವನ ಬಗ್ಗೆ ಅಲ್ಲ.

ಒಂದು ತಿಂಗಳೊಳಗೆ ಹುಡುಗರು ತಮ್ಮ ಫೌಲ್ ತಾವೇ ಹೇಳತೊಡಗಿದರು. ಮೊದಮೊದಲು ಅದರಲ್ಲೂ ನಾಟಕ ಇತ್ತು. ಎದೆ ಮುಟ್ಟಿಕೊಂಡು, ಎಲ್ಲರಿಗೂ ಕೇಳುವ ಹಾಗೆ "ನಂದೇ ಫೌಲ್ ಗುರೂ!" ಅನ್ನುತ್ತಿದ್ದರು. ಪರವಾಗಿಲ್ಲ. ದುಡ್ಡಿನ ಆಟ ನಿಂತಿತು ಅಂತ ನಾನು ಸುಳ್ಳು ಹೇಳುವುದಿಲ್ಲ, ಆದರೆ ಜಗಳ ಕಮ್ಮಿಯಾಯಿತು. ಪಾರ್ಲರ್ ಮಾಲೀಕರು ಅದೇ ಖುಷಿಗೆ ಎರಡು ಬ್ರಷ್ ತಂದಿಟ್ಟರು.

ನನಗೆ ಆಗ ತಲೆಗೆ ಹೊಳೆಯಿತು. ಎರಡನೇ ಟೂರ್ನಮೆಂಟಿಗೆ ಮುಖ್ಯ ಅತಿಥಿಯಾಗಿ ಬನ್ನಿ ಸರ್, ಶಾಲು ಹಾರ ಎಲ್ಲ ವ್ಯವಸ್ಥೆ ಮಾಡ್ತೀನಿ ಅಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು.

"ಹಾರ ಹಾಕಿಸ್ಕೊಳ್ಳೋಕೆ ನಾನೇನು ಸತ್ತಿದೀನಾ? ಆಡಿಸೋದಾದ್ರೆ ಬರ್ತೀನಿ."

ಹೆಸರು ಬರೆಸಿದರು, ಎಂಟ್ರಿ ಫೀಸನ್ನೂ ಕೊಟ್ಟರು. ಸುದ್ದಿ ಹೋಯಿತು. ಆ ಭಾನುವಾರ ಇಪ್ಪತ್ತೆರಡು ಜನ ಬಂದರು, ನಾಲ್ಕೂ ಪಾರ್ಲರಿನ ರಾಜರ ಸಮೇತ. ಯಾಕೆ ಅಂತ ನಾನು ತುಂಬ ಯೋಚನೆ ಮಾಡಿದ್ದೇನೆ. ಪಕ್ಕದ ಪಾರ್ಲರ್ ಹುಡುಗನ ಕೈಲಿ ಸೋತರೆ ಅವಮಾನ. ಮಾರ್ಕರ್ ಸರ್ ಕೈಲಿ ಸೋತರೆ ಅವಮಾನ ಇಲ್ಲ, ಗೆದ್ದರೆ ಜೀವನಪೂರ್ತಿ ಹೇಳಿಕೊಳ್ಳಬಹುದು. ಇನ್ನು ಪಕ್ಕದ ಪಾರ್ಲರಿನವನ ಹತ್ತಿರ ಸೋತವರೂ "ನಾನು ಸರ್ ಜೊತೆ ಆಡೋಕೆ ಬಂದಿದ್ದು" ಅಂದುಬಿಟ್ಟರೆ ಮುಗಿಯಿತು. ಹಿರಿಯರೊಬ್ಬರು ವೇದಿಕೆ ಮೇಲೆ ಕೂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅವರು ಸೋಲಲು ತಯಾರಿದ್ದರು, ಅದೇ ಎಲ್ಲರನ್ನೂ ಕರೆತಂದಿತು. ಅಂದಹಾಗೆ ಅವರು ಸೆಮಿಫೈನಲ್‌ನಲ್ಲಿ ಸೋತರು.

ಈ ಊರಲ್ಲಿ ಆಟ ಬೆಳೆದಿದ್ದೇ ಹೀಗೆ ಅನ್ನಿಸುತ್ತದೆ. ನಾನು ಹುಡುಗನಾಗಿದ್ದಾಗ ಸ್ನೂಕರ್ ಪಾರ್ಲರ್ ಅಂದರೆ ಪೋಲಿಗಳ ಜಾಗ. ಅಮ್ಮ ಆ ರಸ್ತೆಯಲ್ಲಿ ಹೋಗಬೇಡ ಅನ್ನುತ್ತಿದ್ದರು. 2003ರಲ್ಲಿ ಪಂಕಜ್ ಅಡ್ವಾಣಿ ಚೀನಾದಲ್ಲಿ ವಿಶ್ವ ಸ್ನೂಕರ್ ಚಾಂಪಿಯನ್ ಆದರು. ಆಗ ಅವರಿಗೆ 18 ವರ್ಷ, ನಮ್ಮ ಬೆಂಗಳೂರಿನ ಹುಡುಗ. ಪೇಪರಿನಲ್ಲಿ ಫೋಟೋ ನೋಡಿದ ಅಮ್ಮ "ಇದೇನಾ ನೀನು ಆಡೋದು?" ಅಂದರು, ಅಷ್ಟೇ. ಆಮೇಲೆ ಬೈಗುಳ ಅರ್ಧಕ್ಕರ್ಧ ಕಮ್ಮಿಯಾಯಿತು. ಪಂಕಜ್ ಚಿಕ್ಕವರಿದ್ದಾಗ ಅಣ್ಣ ಶ್ರೀ ಅಡ್ವಾಣಿಯ ಹಿಂದೆ ಪಾರ್ಲರಿಗೆ ಹೋಗಿ ಆಟ ಹಿಡಿದವರು. ಅವರನ್ನು ತಿದ್ದಿದವರು ಅರವಿಂದ ಸವೂರ್, ತಾವೇ ಒಂದು ಕಾಲದ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್. ಸವೂರ್ ಅವರಂಥ ಹಿರಿಯರು ಇಲ್ಲಿ ಇಲ್ಲದಿದ್ದರೆ ಆ ಹುಡುಗನ ಪ್ರತಿಭೆ ಎಲ್ಲಿಗೆ ಹೋಗುತ್ತಿತ್ತೋ. ಅದಕ್ಕೂ ಹಿಂದಕ್ಕೆ ಹೋದರೆ 1958ರಲ್ಲಿ ಕಲ್ಕತ್ತದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದ ವಿಲ್ಸನ್ ಜೋನ್ಸ್. ಜೋನ್ಸ್ ಹೆಸರು ಹೇಳುವಾಗ ಮಾರ್ಕರ್ ಸರ್ ಕೈಯಲ್ಲಿದ್ದ ಚಾಕ್ ಕೆಳಗಿಡುತ್ತಾರೆ.

ಹಿರಿಯರು ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ನಮ್ಮಲ್ಲಿ ಎರಡು ಎಡವಟ್ಟು ಆಯಿತು.

ಒಂದು ತಮಾಷೆಯದು. ಕೆಲವು ತಿಂಗಳಲ್ಲಿ ನಮ್ಮ ಹುಡುಗರೆಲ್ಲ ನೆಟ್ಟಗೆ ನಿಂತು ಆಡತೊಡಗಿದರು. ಗಲ್ಲ ಕ್ಯೂಗಿಂತ ಒಂದು ಅಡಿ ಮೇಲೆ. ಮೊದಲು ಚೆನ್ನಾಗಿ ಬಗ್ಗಿ ಆಡುತ್ತಿದ್ದವರೂ ಹಾಗೇ. ಒಂದು ದಿನ ಸರ್ ನೋಡಿ ಕೂಗಿದರು, "ನಂಗೆ ಕತ್ತು ನೋವು ಕಣ್ರೋ, ಸ್ಪಾಂಡಿಲೈಟಿಸ್! ನಿಮಗೇನಾಗಿದೆ?"

ಇನ್ನೊಂದು ನಗುವಂಥದ್ದಲ್ಲ. ನಮ್ಮ ಕಡೆಯ ಪೂಲ್ ನಿಯಮ ಹಳೆಯದು. ಫೌಲ್ ಆದರೆ ಎದುರಾಳಿಗೆ ಎರಡು ಶಾಟ್. ವೈಟ್ ಪಾಕೆಟ್‌ಗೆ ಬಿದ್ದರೆ ಹಿಂದಿನ ಗೆರೆಯ ಒಳಗಿಂದಲೇ ಹೊಡೆಯಬೇಕು. ಕೊನೆಯ ಬಾಲ್ ಬಿದ್ದ ಪಾಕೆಟ್‌ಗೇ ಕಪ್ಪು ಹಾಕಬೇಕು. ಸರ್ ಆಡುತ್ತಿದ್ದುದೂ ಹೀಗೇ, ಹಾಗಾಗಿ ಅದು ವೇದವಾಯಿತು. ಆದರೆ ಈಗ ದೊಡ್ಡ ಪಂದ್ಯಗಳಲ್ಲಿ ನಡೆಯುವ ವಿಶ್ವ ನಿಯಮ ಬೇರೆ. ಫೌಲ್ ಆದರೆ ಎದುರಾಳಿ ವೈಟ್ ಬಾಲನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ಹುಡುಗರಿಗೆ ಕಷ್ಟ ಬಂದಾಗ ಬೇಕಂತಲೇ ಒಂದು ಸಣ್ಣ ಫೌಲ್ ಮಾಡಿ ತಪ್ಪಿಸಿಕೊಳ್ಳುವ ಚಾಳಿ. ಇಲ್ಲಿ ಅದು ಜಾಣತನ, ಅಲ್ಲಿ ಆತ್ಮಹತ್ಯೆ. ನಗರದ ಇನ್ನೊಂದು ಕಡೆ ನಡೆದ ಓಪನ್ ಟೂರ್ನಮೆಂಟಿಗೆ ಆರು ಜನ ಹೋದರು. ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ಆರೂ ಜನ ಬಸ್ ಸ್ಟಾಪಿನಲ್ಲಿದ್ದರು.

ನಿಯಮ ಬದಲಾಯಿಸೋಣ ಅಂದೆ. "ಸರ್ ಹೇಳಲಿ" ಅಂದರು ಎಲ್ಲರೂ. ಇದೇ ನೋಡಿ ತೊಂದರೆ. ಒಬ್ಬರ ಮಾತು ಅಷ್ಟು ನಡೆಯುವ ಕಡೆ, ಅವರ ತಪ್ಪೂ ಅಷ್ಟೇ ನಡೆಯುತ್ತದೆ.

ಹುಡುಗರ ಎದುರು ಹೇಳುವ ಹಾಗಿರಲಿಲ್ಲ. ವಿಶ್ವ ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಂಡು ಸರ್ ಅವರನ್ನು ದರ್ಶಿನಿಗೆ ಕರೆದುಕೊಂಡು ಹೋದೆ. ಕಾಫಿ ಆರುವ ತನಕ ಓದಿದರು. "ಎಲ್ಲಿ ಬೇಕಾದ್ರೂ ಇಡೋದಾ? ಅದು ಆಟ ಅಲ್ಲಪ್ಪಾ, ದಾನ" ಅಂದರು. ನಾನು ವಾದ ಮಾಡಲಿಲ್ಲ. ಪಾರ್ಲರ್ ಬಾಗಿಲು ತೆಗೆಯುವ ಹೊತ್ತಿಗೇ ಕರೆದು, ಯಾರೂ ಇಲ್ಲದಾಗ ನೈನ್ ಬಾಲ್ ಆಡಿಸಿದೆ. ನೈನ್ ಬಾಲ್‌ನಲ್ಲಿ ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರಿನ ಬಾಲನ್ನೇ ವೈಟ್ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಫೌಲ್. ಮೂರನೇ ಗೇಮಿನಲ್ಲಿ ಸರ್ ಎರಡನೇ ನಂಬರನ್ನು ಮರೆಮಾಡಿ ಕೂತರು. ನಾನು ತಪ್ಪಿದೆ. ಅವರು ವೈಟ್ ಬಾಲನ್ನು ಕೈಗೆ ತೆಗೆದುಕೊಂಡು, ತಮಗೆ ಬೇಕಾದ ಕಡೆ ಇಟ್ಟು, ಸಲೀಸಾಗಿ ಮುಗಿಸಿದರು. ಆಮೇಲೆ ಸುಮ್ಮನೆ ಟೇಬಲ್ ನೋಡುತ್ತಾ ನಿಂತರು. ಮುಖದ ಮೇಲೆ ಸಣ್ಣ ನಗು ಬಂತು. ಅಡಗಿಸುವುದೇ ಅವರ ಆಟ, ಈ ನಿಯಮದಲ್ಲಿ ಅಡಗಿಸಿದರೆ ಸಿಗುವ ಕೂಲಿ ಜಾಸ್ತಿ!

ಮುಂದಿನ ಭಾನುವಾರ ಹುಡುಗರನ್ನೆಲ್ಲ ಸೇರಿಸಿ, "ಇನ್ಮೇಲೆ ಹೀಗೆ ಆಡ್ರೋ, ಎಷ್ಟು ದಿನ ಆ ಹಳೇ ರೂಲ್ಸು?" ಅಂತ ನನ್ನ ಎರಡು ಪುಟ ಓದಿದರು, ಪೂರ್ತಿ ಅವರದೇ ಐಡಿಯಾ ಅನ್ನುವ ಹಾಗೆ. ನಾನು ಬಾಯಿ ಬಿಡಲಿಲ್ಲ. ಐದು ನಿಮಿಷದಲ್ಲಿ ನಾಲ್ಕು ಪಾರ್ಲರಿನ ನಿಯಮ ಬದಲಾಗಿತ್ತು.

ಆ ಹೊತ್ತಿಗೆ ನಾನು ಎಲ್ಲವನ್ನೂ ಅವರ ತಲೆಗೆ ಕಟ್ಟಿದ್ದೆ. ಯಾರಿಗೆ ಎಷ್ಟು ಸ್ಟಾರ್ಟ್, ಅಂದರೆ ಆಟಕ್ಕೆ ಮೊದಲೇ ಎಷ್ಟು ಗೇಮ್ ಮುನ್ನಡೆ, ಕೊಡಬೇಕು ಅನ್ನುವುದು ನಮ್ಮಲ್ಲಿ ಯಾವಾಗಲೂ ಜಗಳ. ಐದು ಗೇಮಿನ ಪಂದ್ಯದಲ್ಲಿ ಕಚ್ಚಾ ಆಟಗಾರನಿಗೆ ಒಂದು ಕೊಡೋಣವಾ, ಎರಡಾ? ನಾನು ಹೇಳಿದರೆ ಅರ್ಧ ಗಂಟೆ ಚರ್ಚೆ. ಸರ್ ಎರಡು ಬೆರಳು ಎತ್ತಿದರೆ ಮುಗಿಯಿತು. ಒಂದು ಸಲ ಅವರಿಗೆ ಡೆಂಗ್ಯೂ ಬಂದು ಒಂದು ತಿಂಗಳು ಬರಲಿಲ್ಲ. ಮೊದಲ ಭಾನುವಾರವೇ ಎರಡು ಪಾರ್ಲರ್ ಹುಡುಗರು ಕ್ಯೂ ಎತ್ತಿಕೊಂಡು ಮುಖಾಮುಖಿ ನಿಂತರು. ನಾನು ನಡುವೆ ಹೋಗಿ ಬೈಸಿಕೊಂಡೆ. ಆಮೇಲೆ ಬುದ್ಧಿ ಬಂತು. ಸರ್ ವಾಪಸ್ ಬಂದ ಮೇಲೆ ಆಟಗಾರರಲ್ಲಿ ಮೂವರನ್ನು ಅವರ ಪಕ್ಕ ಕೂರಿಸಿದೆ. ಆ ಮೂವರೇ ಸ್ಟಾರ್ಟ್ ಹೇಳಬೇಕು, ಸರ್ ಬರೀ ತಲೆ ಆಡಿಸಬೇಕು. ಈ ಪಾಠ ಎಷ್ಟು ಕಷ್ಟ ಅಂದರೆ, ಸರ್‌ಗೆ ಬಾಯಿ ಮುಚ್ಚಿಕೊಂಡು ಕೂರಲು ಆರು ತಿಂಗಳು ಬೇಕಾಯಿತು.

ಇನ್ನೊಬ್ಬ ಹಿರಿಯರೂ ಬರುತ್ತಿದ್ದರು. ಆಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು, ಹುಡುಗ ಶಾಟ್‌ಗೆ ಬಗ್ಗಿದಾಗಲೇ "ಅದಲ್ಲ, ಅದಲ್ಲ" ಅನ್ನುತ್ತಿದ್ದರು. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಟೇಬಲ್ ಖಾಲಿ. ಹೆಚ್ಚು ಹೇಳುವುದು ಬೇಡ.

ಒಂದು ದಿನ ಅಣ್ಣನ ಜೊತೆ ಒಬ್ಬಳು ಕಾಲೇಜು ಹುಡುಗಿ ಬಂದಳು. ಇಡೀ ಹಾಲ್ ಆಟ ಬಿಟ್ಟು ಅವಳನ್ನೇ ನೋಡತೊಡಗಿತು. ಅವಳು ಅಣ್ಣನ ಹಿಂದೆ ಸರಿದಳು. ಸರ್ ಒಂದು ಕ್ಯೂ ಆರಿಸಿ ಅವಳ ಕೈಗೆ ಕೊಟ್ಟು, "ಬಾಮ್ಮ, ನಂಗೆ ಜೊತೆ ಯಾರೂ ಸಿಗ್ತಿಲ್ಲ" ಅಂದರು. ಆಡುತ್ತಾ ಆಡುತ್ತಾ ಬೆಂಗಳೂರಿನ ಆರ್. ಉಮಾದೇವಿ ಕಥೆ ಹೇಳಿದರು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು, ಮೂವತ್ತು ದಾಟಿದ ಮೇಲೆ ಕ್ಯೂ ಹಿಡಿದು, 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದವರು. ಹುಡುಗಿಗೆ ಹೇಳುತ್ತಿದ್ದರೂ ದನಿ ಇಡೀ ಹಾಲಿಗೆ ಕೇಳುವಷ್ಟಿತ್ತು. ಈಗ ನಮ್ಮ ಪಂದ್ಯಕ್ಕೆ ನಾಲ್ಕು ಹುಡುಗಿಯರು ಬರುತ್ತಾರೆ. ಸ್ಟಾರ್ಟ್ ಹೇಳುವ ಮೂವರಲ್ಲಿ ಅವಳೂ ಒಬ್ಬಳು, ಮತ್ತು ಅವಳ ಲೆಕ್ಕ ನಮ್ಮೆಲ್ಲರಿಗಿಂತ ಸರಿ.

ಹೋದ ವರ್ಷ ಸರ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದೂರದ ಶಾಟ್ ಮೊದಲಿನ ಹಾಗೆ ಕೂರುವುದಿಲ್ಲ. ಹೆಸರು ಮಾತ್ರ ಈಗಲೂ ಬರೆಸುತ್ತಾರೆ, ಎಂಟ್ರಿ ಫೀಸ್ ಬೇಡ ಅಂದರೆ ಕೋಪ. ಸಾಮಾನ್ಯವಾಗಿ ಮೊದಲ ರೌಂಡಿನಲ್ಲೇ ಸೋಲುತ್ತಾರೆ, ಸೋತ ಮೇಲೆ ಬ್ರಷ್ ಹಿಡಿಯುತ್ತಾರೆ. ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ, "ಮೊಮ್ಮಗನ್ನ ಕ್ಲಾಸಿಗೆ ಬಿಟ್ಟು ಬಂದೆ" ಅನ್ನುತ್ತಾ ಮೆಟ್ಟಿಲು ಹತ್ತುತ್ತಾರೆ. ಎದುರಿನ ಅಬ್ಯಾಕಸ್ ಕ್ಲಾಸ್ ಮುಚ್ಚಿ ವರ್ಷದ ಮೇಲಾಯಿತು, ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನಾವ್ಯಾರೂ ಕೇಳಿಲ್ಲ.