ಕಾರವಾರದ ಉಪ್ಪುಗಾಳಿಗೆ ಯಾವ ಗ್ರೀಸ್ ಹಚ್ಚಬೇಕು?

ಸೈಕಲ್ ಜೋಡಿಸುವಾಗ ನಾನು ಮೊದಲು ಕೈ ಹಾಕುವುದು ಸೀಟ್‌ಪೋಸ್ಟಿಗೆ, ಅಂದರೆ ಸೀಟನ್ನು ಹೊರುವ ಕೊಳವೆಗೆ. ನಮ್ಮ ಕಾರವಾರದಲ್ಲಿ ಜಾಸ್ತಿ ಕಾಟ ಕೊಡುವ ಜಾಗ ಅದೇ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಇದ್ದು, ನಡುವೆ ಉಪ್ಪುನೀರು ಇಳಿದರೆ ಸಾಕು, ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಉಬ್ಬಿ ಕಚ್ಚಿಕೊಂಡರೆ ಸುತ್ತಿಗೆಗೂ ಜಗ್ಗುವುದಿಲ್ಲ. ಅದಕ್ಕೇ ಪೋಸ್ಟಿಗೂ ಹಚ್ಚಿ, ಫ್ರೇಮಿನ ಕೊಳವೆಯೊಳಗೂ ಬೆರಳು ತೂರಿಸಿ ಗ್ರೀಸ್ ಸವರಿ. ಲೋಹಗಳು ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿಸೀಜ್ ಪೇಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊರಗೆ ತೆಗೆದು, ಒರೆಸಿ, ಮತ್ತೆ ಹಚ್ಚಿ. ಪೋಸ್ಟ್ ಕಾರ್ಬನ್ನಿನದಾದರೆ ಮಾತ್ರ ಗ್ರೀಸ್ ಬೇಡ, ಜಾರುತ್ತದೆ. ಅದಕ್ಕೆ ಸಣ್ಣ ಹರಳುಗಳಿರುವ ಕಾರ್ಬನ್ ಪೇಸ್ಟೇ ಬೇಕು.

ಇನ್ನು ಯಾವ ಗ್ರೀಸ್ ಅಂತೀರಾ? ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಗ್ರೀಸಿನ ಗಟ್ಟಿತನ ಅಳೆಯುವ ಎನ್‌ಎಲ್‌ಜಿಐ ಅಂಕಿ 2 ಇದ್ದರೆ ಸೈಕಲ್ಲಿಗೆ ಸರಿ. ಸೋಡಿಯಂ ಗ್ರೀಸ್ ನೀರಿಗೆ ಕರಗುತ್ತದೆ, ಅದನ್ನು ಮುಟ್ಟಲೇಬೇಡಿ. ಲಿಥಿಯಂ ಗ್ರೀಸ್ ಎಲ್ಲ ಕಡೆ ಸಿಗುತ್ತದೆ, ಸಾಮಾನ್ಯ ಓಡಾಟಕ್ಕೆ ಸಾಕು. ಆದರೆ ಕಡಲ ದಂಡೆಯಲ್ಲಿ ಓಡಿಸುವ ಸೈಕಲ್ಲಿಗೆ ದೋಣಿಯವರು ಬಳಸುವ ಮರೈನ್ ಗ್ರೀಸನ್ನೇ ಹಾಕಿ ಅನ್ನುತ್ತೇನೆ. ಅದರಲ್ಲೂ ಕ್ಯಾಲ್ಸಿಯಂ ಸಲ್ಫೊನೇಟ್ ಇರುವುದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ನಮ್ಮ ಮೀನುಗಾರಿಕೆ ಬಂದರು ಬೈತಖೋಲ್ ಕಡೆ ದೋಣಿ ಇಂಜಿನ್ ರಿಪೇರಿ ಮಾಡುವವರನ್ನು ಕೇಳಿ ನೋಡಿ.

ಚಕ್ರದ ನಡುವಿನ ಹಬ್ ಬಿಚ್ಚಿದಾಗ ಹಳೆ ಗ್ರೀಸ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಲೆಕ್ಕ. ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿ. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸ್ ಮೆತ್ತಬೇಡಿ, ಎರಡೂ ಸೇರಿ ತೆಳ್ಳಗಾಗಿ ಹರಿದುಹೋಗಬಹುದು. ಹಬ್ಬಿನೊಳಗಿನ ಬಟ್ಟಲಿನಂಥ ಕಪ್ ತುಂಬ ಹೊಸ ಗ್ರೀಸ್ ಹಾಕಿ, ಬೇರಿಂಗ್ ಗೋಲಿಗಳನ್ನು ಒಂದೊಂದಾಗಿ ಅದರಲ್ಲಿ ಒತ್ತಿ ಕೂರಿಸಿ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚಿನವು, ಹಿಂದಿನದಕ್ಕೆ 1/4 ಇಂಚಿನವು. ಗೋಲಿಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡುವಾಗ ಸುತ್ತಲೂ ಗ್ರೀಸ್ ಸ್ವಲ್ಪ ಹೊರಗೆ ಉಕ್ಕಬೇಕು. ಆ ಅಂಚೇ ಮರಳು, ನೀರು ತಡೆಯುವುದು. ತೀರಾ ಉಕ್ಕಿದ್ದನ್ನಷ್ಟೇ ಒರೆಸಿ.

ಪೆಡಲ್, ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ನಡುವಿನ ಬೇರಿಂಗ್), ಫ್ರೀವೀಲ್ (ಹಿಂದಿನ ಹಲ್ಲುಚಕ್ರ) ಇವುಗಳ ತಿರುಪು ಥ್ರೆಡ್ಡಿಗೂ ಇದೇ ಗ್ರೀಸ್ ಸಾಕು. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ, ನೆನಪಿರಲಿ.

ಚೈನಿಗೆ ಗ್ರೀಸ್ ಬೇಡ. ಮಳೆಗಾಲದಲ್ಲಿ ವೆಟ್ ಲ್ಯೂಬ್, ಬೇಸಿಗೆಯಲ್ಲಿ ಡ್ರೈ ಲ್ಯೂಬ್ ಎಂಬ ಚೈನ್ ಎಣ್ಣೆ, ಒಂದೊಂದು ರೋಲರಿಗೆ ಒಂದೊಂದು ಹನಿ ಹಾಕಿ ಹೊರಗಿನದನ್ನು ಒರೆಸಿಬಿಡಿ. ಮನೆಯಲ್ಲಿದೆ ಅಂತ ಸುಮ್ನೆ ಕೊಬ್ಬರಿ ಎಣ್ಣೆ ಸುರಿಯಬೇಡಿ, ನಮ್ಮ ಮಳೆಗೆ ಅದು ನಿಲ್ಲುವುದಿಲ್ಲ. ಡಿಸ್ಕ್ ಬ್ರೇಕಿನ ತಟ್ಟೆ, ಅಂದರೆ ರೋಟರಿನ ಬೋಲ್ಟುಗಳಿಗೆ, ಅವು ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಹಾಕಿ. ಗ್ರೀಸ್ ಮೆತ್ತಿದ ಕೈಯಲ್ಲಿ ರೋಟರ್, ಬ್ರೇಕ್ ಪ್ಯಾಡ್ ಮಾತ್ರ ಮುಟ್ಟಲೇಬೇಡಿ.