ದೊಡ್ಡ ಎಸ್‌ಯುವಿ, ಚಿಕ್ಕ ಎಸ್‌ಯುವಿ: ಘಟ್ಟದ ರಸ್ತೆಯಲ್ಲಿ ಮೈಲೇಜ್ ಹೋಲಿಸುವುದು ಹೇಗೆ?

"ಎಷ್ಟು ಕೊಡ್ತು?"

ಶಿರಸಿ, ಕುಮಟಾ ಕಡೆ ಹೊಸ ಗಾಡಿ ತಂದವರಿಗೆ ಬೀಳುವ ಮೊದಲ ಪ್ರಶ್ನೆ ಇದು. ಪೂಜೆ ಮಾಡಿ ಟೈರಿನಡಿ ಇಟ್ಟ ನಿಂಬೆಹಣ್ಣು ಒಣಗುವ ಮೊದಲೇ ಯಾರಾದರೂ ಕೇಳಿರುತ್ತಾರೆ. ಒಬ್ಬರು 18 ಅಂತಾರೆ, ಇನ್ನೊಬ್ಬರು 12 ಅಂತಾರೆ. ಯಾವ ರಸ್ತೆಯಲ್ಲಿ, ಎಷ್ಟು ಜನ ಇದ್ದರು, ಎಸಿ ಹಾಕಿದ್ದರಾ ಎಂದು ಯಾರೂ ಕೇಳುವುದಿಲ್ಲ.

ನನ್ನದು ಶಿರಸಿ. ತಂಗಿಯ ಮನೆ ಕುಮಟಾದಲ್ಲಿ. ನನ್ನ ಹತ್ತಿರ ಇರುವುದು ಚಿಕ್ಕ ಪೆಟ್ರೋಲ್ ಎಸ್‌ಯುವಿ, ಭಾವನವರದ್ದು ಏಳು ಸೀಟಿನ ದೊಡ್ಡ ಡೀಸೆಲ್ ಗಾಡಿ. ಯಾವುದು ಜಾಸ್ತಿ ಕುಡಿಯುತ್ತದೆ ಎಂಬ ಮಾತು ಹಬ್ಬಕ್ಕೊಮ್ಮೆ ಬರುತ್ತಿತ್ತು. ಕೊನೆಗೆ ಒಂದು ಸಲ ಇಬ್ಬರೂ ಅಳೆದೆವು. ಅವರು ಕುಮಟಾದಿಂದ ಶಿರಸಿಗೆ ಬಂದಾಗಿನ ಲೆಕ್ಕ ತಂದರು, ನಾನು ಶಿರಸಿಯಿಂದ ಕುಮಟಾಕ್ಕೆ ಹೋದಾಗಿನ ಲೆಕ್ಕ ತಂದೆ. ಒಬ್ಬರದ್ದು ಘಟ್ಟ ಹತ್ತಿದ ಲೆಕ್ಕ, ಇನ್ನೊಬ್ಬರದ್ದು ಇಳಿದ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಆಮೇಲೆ ಸರಿಯಾಗಿ ಅಳೆಯುವುದನ್ನು ಕಲಿತೆವು. ಗಾಡಿ ಕೊಳ್ಳುವ ಯೋಚನೆಯಲ್ಲಿರುವವರಿಗೆ ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಚಿಕ್ಕದು ಯಾವುದು, ದೊಡ್ಡದು ಯಾವುದು

ಮೊದಲು ಉದ್ದ ನೋಡಿ. ಬ್ರೆಝಾ, ನೆಕ್ಸಾನ್, ವೆನ್ಯೂ ಈ ಮೂರೂ 3995 ಮಿಲಿಮೀಟರ್ ಉದ್ದ ಇವೆ. ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಇದಕ್ಕೆ ಕಾರಣ ತೆರಿಗೆ. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು. ಆಗ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಶೇಕಡಾ. ದಾಟಿದರೆ 40 ಶೇಕಡಾ.

ಮೈಲೇಜ್ ವಿಷಯದಲ್ಲಿ ಉದ್ದಕ್ಕಿಂತ ತೂಕ ಮುಖ್ಯ. ಚಿಕ್ಕ ಎಸ್‌ಯುವಿಗಳು ಹೆಚ್ಚುಕಮ್ಮಿ 1100ರಿಂದ 1300 ಕಿಲೋ ಇರುತ್ತವೆ. ಫಾರ್ಚುನರ್ ತರಹದ್ದು ಖಾಲಿ ಇದ್ದಾಗಲೇ ಸುಮಾರು 2 ಟನ್. ನೀವು ನೋಡುತ್ತಿರುವ ಗಾಡಿಯ ತೂಕ ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಘಟ್ಟದ ಲೆಕ್ಕಕ್ಕೆ ಬೇಕಾಗುತ್ತದೆ.

ಕಂಪನಿ ಹೇಳುವ ಸಂಖ್ಯೆಯನ್ನು ಹೇಗೆ ಓದಬೇಕು

ಶೋರೂಮಿನಲ್ಲಿ ಹೇಳುವ ಮೈಲೇಜ್ ಸುಳ್ಳಲ್ಲ. ಆದರೆ ಅದನ್ನು ಅಳೆದದ್ದು ರಸ್ತೆಯಲ್ಲಲ್ಲ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದ ಪಟ್ಟಿಯಂತೆ ಚಕ್ರ ತಿರುಗಿಸಿ ಅಳೆಯುತ್ತಾರೆ. ಒಂದು ಸುತ್ತು ಸುಮಾರು 20 ನಿಮಿಷ, 11 ಕಿ.ಮೀ. ಹತ್ತಿರ. ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ. ಸರಾಸರಿ ವೇಗ 32ರ ಆಸುಪಾಸು. ಎಸಿ ಬಂದ್ ಇರುತ್ತದೆ. ಏರು ಇಲ್ಲ, ತಿರುವು ಇಲ್ಲ, ಮಳೆಯಂತೂ ಇಲ್ಲವೇ ಇಲ್ಲ. ಕಾರವಾರದ ಸೆಕೆಯಲ್ಲಿ ಎಸಿ ಇಲ್ಲದೆ ಯಾರು ಓಡಿಸುತ್ತಾರೆ, ಅಲ್ವಾ?

ಹಾಗಾಗಿ ಆ ಸಂಖ್ಯೆ ನಮ್ಮ ರಸ್ತೆಯಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಮಾತ್ರ ಬಳಸಿ. ಅದಕ್ಕೆ ಅದು ನಿಜಕ್ಕೂ ಉಪಯೋಗ. ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಮಾಮೂಲಿ ಮ್ಯಾನುವಲ್ ಗಾಡಿಗೆ ಹೇಳಿದ್ದು ಲೀಟರಿಗೆ 21.11 ಕಿ.ಮೀ. ಅದೇ ಗಾಡಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಸೇರಿದರೆ 19.38. ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರಿನಿಂದಲೂ ಓಡುವ ಸ್ಟ್ರಾಂಗ್ ಹೈಬ್ರಿಡ್ ಆದರೆ 27.97. ದೇಹ ಒಂದೇ, ಒಳಗಿನದ್ದು ಬದಲಾದಾಗ ಎಷ್ಟು ವ್ಯತ್ಯಾಸ ನೋಡಿ. ತೋಟದ ಕೆಸರಿನ ದಾರಿ ಇರುವವರಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಉಳಿದವರು ಸುಮ್ನೆ ಅದರ ಭಾರ ಹೊತ್ತು ತಿರುಗುವುದು ಯಾಕೆ?

ಸಿಎನ್‌ಜಿ ಗಾಡಿ ನೋಡುವವರಿಗೆ ಒಂದು ಮಾತು. ಅದರ ಮೈಲೇಜ್ ಕಿಲೋ ಲೆಕ್ಕದಲ್ಲಿ ಇರುತ್ತದೆ. ಬ್ರೆಝಾ ಸಿಎನ್‌ಜಿಯ 25.51 ಎಂದರೆ ಒಂದು ಕಿಲೋ ಗ್ಯಾಸಿಗೆ 25.51 ಕಿ.ಮೀ. ಅದನ್ನು ಪೆಟ್ರೋಲಿನ ಲೀಟರ್ ಜೊತೆ ನೇರವಾಗಿ ಹೋಲಿಸಬಾರದು.

ಲೆಕ್ಕವನ್ನು ತಿರುಗಿಸಿ: 100 ಕಿ.ಮೀ.ಗೆ ಎಷ್ಟು ಲೀಟರ್?

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ ಹೆಜ್ಜೆ. ಲೀಟರಿಗೆ ಎಷ್ಟು ಕಿ.ಮೀ. ಎಂದು ಕೇಳುವುದು ನಮಗೆ ರೂಢಿ. ಆದರೆ ದುಡ್ಡು ಕೊಡುವುದು ಲೀಟರಿಗೆ. 100ನ್ನು ಮೈಲೇಜಿನಿಂದ ಭಾಗಿಸಿ. 100 ಕಿ.ಮೀ. ಹೋಗಲು ಎಷ್ಟು ಲೀಟರ್ ಬೇಕು ಎಂಬುದು ಬರುತ್ತದೆ.

ಮೈಲೇಜ್ 8 ಇದ್ದರೆ 12.5 ಲೀಟರ್. 10 ಇದ್ದರೆ 10 ಲೀಟರ್. 16 ಇದ್ದರೆ 6.25 ಲೀಟರ್. 20 ಇದ್ದರೆ 5 ಲೀಟರ್.

ಈಗ ನೋಡಿ. ಚಿಕ್ಕ ಗಾಡಿ 16ರಿಂದ 20ಕ್ಕೆ ಏರಿತು, ನಾಲ್ಕು ಜಾಸ್ತಿ. ದೊಡ್ಡದು 8ರಿಂದ 10ಕ್ಕೆ ಏರಿತು, ಎರಡೇ ಜಾಸ್ತಿ. ಕೇಳಿದ ಕೂಡಲೇ ಚಿಕ್ಕದರಲ್ಲೇ ಲಾಭ ಎನಿಸುತ್ತದೆ. ಆದರೆ 100 ಕಿ.ಮೀ.ಗೆ ಚಿಕ್ಕದರಲ್ಲಿ ಉಳಿಯುವುದು 1.25 ಲೀಟರ್, ದೊಡ್ಡದರಲ್ಲಿ ಉಳಿಯುವುದು 2.5 ಲೀಟರ್. ಸರಿಯಾಗಿ ಎರಡರಷ್ಟು!

ಮನೆಯಲ್ಲಿ ಎರಡು ಗಾಡಿ ಇದ್ದು, ಎರಡೂ ಒಂದೇ ಸಮ ಓಡುತ್ತಿದ್ದು, ಒಂದನ್ನು ಬದಲಿಸುವ ಯೋಚನೆ ಇದ್ದರೆ ಈ ಲೆಕ್ಕ ಮಾಡದೆ ಮುಂಗಡ ಕೊಡಬೇಡಿ. ಹೊಟ್ಟೆಬಾಕ ಗಾಡಿಯನ್ನು ಸ್ವಲ್ಪ ಸುಧಾರಿಸಿದರೂ ಉಳಿತಾಯ ಜಾಸ್ತಿ. ಈಗಾಗಲೇ ಕಡಿಮೆ ಕುಡಿಯುವ ಗಾಡಿಯನ್ನು ಇನ್ನೂ ಕಡಿಮೆ ಕುಡಿಯುವುದಕ್ಕೆ ಬದಲಿಸಿದರೆ ಉಳಿಯುವುದು ಚಿಲ್ಲರೆ.

ಟ್ಯಾಂಕ್ ತುಂಬಿಸಿ ಅಳೆಯುವ ಕ್ರಮ

ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ ಗಾಡಿಯಲ್ಲೇ ಇರಲಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಯಂತ್ರವನ್ನೂ ಆರಿಸಿಕೊಳ್ಳಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಲಿ. ನಮ್ಮ ಕಡೆ ಕೆಲವು ಬಂಕ್‌ಗಳ ನೆಲ ಇಳಿಜಾರು. ಗಾಡಿ ಓರೆ ನಿಂತರೆ ಟ್ಯಾಂಕಿನೊಳಗಿನ ಮಟ್ಟವೂ ಬೇರೆ.

ಟ್ಯಾಂಕ್ ತುಂಬುತ್ತಿದ್ದಂತೆ ನಾಜಲ್ ತಾನಾಗಿ 'ಟಕ್' ಎಂದು ನಿಲ್ಲುತ್ತದೆ. ಅಲ್ಲಿಗೇ ಸಾಕು. ಬಂಕಿನ ಹುಡುಗರು ರೂಪಾಯಿಯನ್ನು ಸರಿಸಂಖ್ಯೆಗೆ ತರಲು ಮತ್ತೆ ನಾಲ್ಕಾರು ಸಲ ಒತ್ತುತ್ತಾರೆ. "ಬೇಡ ತಮ್ಮಾ, ಟಕ್ ಅಂದಲ್ಲಿಗೆ ಬಿಡು" ಎಂದು ಮೊದಲೇ ಹೇಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಯಂತ್ರದಲ್ಲಿ ಮತ್ತೆ 'ಟಕ್' ಎನ್ನುವವರೆಗೆ ತುಂಬಿಸಿ. ಎಷ್ಟು ಕಿ.ಮೀ. ಓಡಿತು, ಎಷ್ಟು ಲೀಟರ್ ಹಿಡಿಯಿತು ಎಂದು ಬರೆಯಿರಿ.

ಒಂದು ಸಲದ ಅಳತೆಯನ್ನು ನಂಬಬೇಡಿ. ತುಂಬಿಸುವಾಗ ಒಂದು ಲೀಟರ್ ಹೆಚ್ಚುಕಡಿಮೆ ಆಯಿತು ಎಂದುಕೊಳ್ಳಿ. ನೀವು ಬಳಸಿದ್ದು 8 ಲೀಟರ್ ಆಗಿದ್ದರೆ ಲೆಕ್ಕ 12.5 ಶೇಕಡಾ ತಪ್ಪುತ್ತದೆ. 40 ಲೀಟರ್ ಆಗಿದ್ದರೆ ತಪ್ಪು ಬರೀ 2.5 ಶೇಕಡಾ. ಫಾರ್ಚುನರ್ ಟ್ಯಾಂಕ್ 80 ಲೀಟರಿನದ್ದು, ಬ್ರೆಝಾದ್ದು 48 ಲೀಟರಿನದ್ದು. ದೊಡ್ಡ ಗಾಡಿಯವರು ಅರ್ಧ ಟ್ಯಾಂಕ್ ಆದರೂ ಓಡಿಸಿ ಅಳೆಯಬೇಕು. ಮೂರು ಸಲ ತುಂಬಿಸಿದ ಲೀಟರ್ ಎಲ್ಲ ಕೂಡಿಸಿ, ಕಿ.ಮೀ. ಎಲ್ಲ ಕೂಡಿಸಿ, ಆಮೇಲೆ ಭಾಗಿಸಿ. ಡ್ರೈವರ್ ಎದುರಿನ ಪರದೆ ತೋರಿಸುವ ಮೈಲೇಜ್ ಸಾಮಾನ್ಯವಾಗಿ ಸ್ವಲ್ಪ ಉದಾರವಾಗಿರುತ್ತದೆ. ಅದನ್ನೂ ಪಕ್ಕದಲ್ಲಿ ಬರೆದಿಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಟೈರಿನ ಗಾಳಿ ಇಬ್ಬರದ್ದೂ ಸರಿ ಇರಬೇಕು. ಎಷ್ಟಿರಬೇಕು ಎಂಬ ಚೀಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆಯಿರಿ. ಮೇಲಿನ ಕ್ಯಾರಿಯರ್ ಬಿಚ್ಚಿಡಿ.

ಘಟ್ಟವನ್ನು ಬೇರೆಯಾಗಿ ಅಳೆಯಿರಿ

ಕುಮಟಾ ಸಮುದ್ರದ ಮಟ್ಟದಲ್ಲಿದೆ. ಶಿರಸಿ ಸುಮಾರು 600 ಮೀಟರ್ ಎತ್ತರ. ನಡುವೆ ಸುಮಾರು 60 ಕಿ.ಮೀ. ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಶುರು. ಅಲ್ಲಿ ಗಾಡಿ ಬರೀ ಮುಂದಕ್ಕೆ ಹೋಗುವುದಿಲ್ಲ, ತನ್ನ ತೂಕವನ್ನು ತಾನೇ ಎತ್ತಿಕೊಂಡು ಹೋಗುತ್ತದೆ.

ಇದರ ಖರ್ಚನ್ನು ಲೆಕ್ಕ ಹಾಕಬಹುದು. ಒಂದು ಟನ್ ತೂಕವನ್ನು 600 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 5.9 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇರುತ್ತದೆ, ಪೆಟ್ರೋಲ್‌ನಲ್ಲಿ 32ರ ಹತ್ತಿರ. ಅದರಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಚಕ್ರಕ್ಕೆ ಸಿಗುವುದು ಡೀಸೆಲ್ ಎಂಜಿನ್ನಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು, ಪೆಟ್ರೋಲಿನಲ್ಲಿ ಇನ್ನೂ ಸ್ವಲ್ಪ ಕಡಿಮೆ ಎಂದು ಹಿಡಿಯಿರಿ. ಅಂದರೆ ಪ್ರತಿ ಟನ್ನಿಗೆ ಅರ್ಧ ಲೀಟರ್ ಡೀಸೆಲ್, ಅಥವಾ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗಿಂತ ಕಡಿಮೆ ಪೆಟ್ರೋಲ್ ಬರೀ ಎತ್ತರ ಏರುವುದಕ್ಕೇ ಹೋಗುತ್ತದೆ.

ಐದು ಜನ, ಸಾಮಾನು ಸೇರಿ ದೊಡ್ಡ ಗಾಡಿ 2.5 ಟನ್ ಆಯಿತು ಎನ್ನಿ. ಸುಮಾರು 1.25 ಲೀಟರ್ ಡೀಸೆಲ್. ಅದೇ ಐದು ಜನ ಚಿಕ್ಕ ಗಾಡಿಯಲ್ಲಿ ಕೂತರೆ 1.6 ಟನ್. ಸುಮಾರು 1 ಲೀಟರ್ ಪೆಟ್ರೋಲ್. ನಾನು ಅಂದುಕೊಂಡಷ್ಟು ದೊಡ್ಡ ಅಂತರ ಇಲ್ಲಿಲ್ಲ. ಭಾವನವರು ವರ್ಷಗಟ್ಟಲೆ ಹೇಳುತ್ತಿದ್ದದ್ದು ಇದನ್ನೇ. ತುಂಬಿದ ಗಾಡಿಯಲ್ಲಿ ಘಟ್ಟ ಹತ್ತುವಾಗ ಡೀಸೆಲ್ ಗಾಡಿ ಕಡಿಮೆ ಗೇರ್ ಬದಲಾವಣೆಯಲ್ಲೇ ಎಳೆಯುತ್ತದೆ. ಒಂದು ಲೀಟರಿನ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ ಖಾಲಿ ರಸ್ತೆಯಲ್ಲಿ ಮಿತವಾಗಿ ಕುಡಿಯುತ್ತದೆ. ಐದು ಜನರನ್ನು ಹೊತ್ತು ಏರುವಾಗ ಮಾತ್ರ ಅದರ ಮೈಲೇಜ್ ಕಂಪನಿ ಹೇಳಿದ್ದಕ್ಕಿಂತ ಬಹಳ ಕೆಳಗೆ ಬೀಳುತ್ತದೆ.

ಇಳಿಯುವಾಗ ಗೇರ್‌ನಲ್ಲೇ ಇಳಿಯಿರಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರಬೇಕು. ಮೇಲಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾಯುತ್ತದೆ. ಉಳಿಸಲು ಹೋಗಿ ಪ್ರಾಣಕ್ಕೆ ತಂದುಕೊಳ್ಳಬೇಡಿ. ಹೈಬ್ರಿಡ್ ಗಾಡಿ ಇಳಿಯುವಾಗ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಆದರೆ ಬ್ಯಾಟರಿ ಚಿಕ್ಕದು. ಅರ್ಧ ಘಟ್ಟದಲ್ಲೇ ತುಂಬಿ, ಉಳಿದದ್ದು ವ್ಯರ್ಥ ಆಗಬಹುದು.

ಹತ್ತಿದ್ದು, ಇಳಿದದ್ದು ಎರಡೂ ಸೇರಿಸಿಯೇ ಅಳೆಯಿರಿ. ಹೊರಟ ಬಂಕಿಗೇ ವಾಪಸ್ ಬಂದು ತುಂಬಿಸಿದರೆ ಅದು ತಾನಾಗಿ ಆಗುತ್ತದೆ.

ಹೆದ್ದಾರಿ ಮತ್ತು ಪೇಟೆ

ಕಾರವಾರದಿಂದ ಭಟ್ಕಳದ ತನಕ 66ನೇ ಹೆದ್ದಾರಿಯಲ್ಲಿ ತೂಕಕ್ಕಿಂತ ಗಾಳಿಯದ್ದೇ ಆಟ. ಎತ್ತರ, ಅಗಲ ಜಾಸ್ತಿ ಇರುವ ಗಾಡಿ ಗೋಡೆಯನ್ನು ತಳ್ಳಿಕೊಂಡು ಹೋದ ಹಾಗೆ ಹೋಗುತ್ತದೆ. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಎರಡೂ ಗಾಡಿ ಒಂದೇ ವೇಗದಲ್ಲಿ ಹೋಗದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಪೇಟೆಯೊಳಗೆ ತೂಕದ್ದೇ ಕಾರುಬಾರು. ಶಿರಸಿಯ ದೇವಿಕೆರೆ ಹತ್ತಿರ ನಿಂತು, ಹೊರಟು, ಮತ್ತೆ ನಿಲ್ಲುವಾಗ 2 ಟನ್ ಗಾಡಿ ಪ್ರತಿ ಸಲ ಹೊಸದಾಗಿ ಎಳೆಯಬೇಕು. ಎಂಜಿನ್ ಬಿಸಿ ಆಗುವ ಮೊದಲೇ ಮನೆ ಬಂದರೆ ಇನ್ನೂ ನಷ್ಟ. 2020ರ ಏಪ್ರಿಲ್ ನಂತರದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಪೇಟೆಯಲ್ಲಿ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ, ಸುಟ್ಟು ತೆಗೆಯಲು ಇನ್ನಷ್ಟು ಡೀಸೆಲ್ ಬೇಕು. ದಿನಾ ಹಾಲು, ತರಕಾರಿಗೆ ಮಾತ್ರ ಹೋಗುವವರಿಗೆ ದೊಡ್ಡ ಡೀಸೆಲ್ ಗಾಡಿ ಬೇಡ ಎಂದೇ ನಾನು ಹೇಳುತ್ತೇನೆ.

ಕೊನೆಗೆ ತಲೆ ಎಣಿಸಿ

ಲೆಕ್ಕ ಸುಲಭವಾಗಲಿ, ದೊಡ್ಡದು 12 ಕೊಡುತ್ತದೆ, ಚಿಕ್ಕದು 16 ಕೊಡುತ್ತದೆ ಎನ್ನೋಣ. ಒಬ್ಬರೇ ಹೋದರೆ 100 ಕಿ.ಮೀ.ಗೆ 8.3 ಲೀಟರ್ ಎದುರು 6.25 ಲೀಟರ್. ಚಿಕ್ಕದೇ ಮೇಲು. ಏಳು ಜನ ಗೋಕರ್ಣಕ್ಕೆ ಹೊರಟರೆ ಚಿಕ್ಕದು ಎರಡು ಬೇಕು, 12.5 ಲೀಟರ್. ಆಗ ದೊಡ್ಡದೇ ಮೇಲು. ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಐದಕ್ಕಿಂತ ಜಾಸ್ತಿ ಜನ ಕೂತಿದ್ದರು ಎಂದು ಮನೆಯವರನ್ನು ಕೂರಿಸಿಕೊಂಡು ಎಣಿಸಿ. ಅಂಥ ದಿನ ಬೆರಳೆಣಿಕೆಯಷ್ಟಿದ್ದರೆ ಆ ದಿನಕ್ಕೆ ಬಾಡಿಗೆ ಗಾಡಿ ಸಾಕು.

ಪೆಟ್ರೋಲ್, ಡೀಸೆಲ್ ಹೋಲಿಸುವಾಗ ಲೀಟರನ್ನು ನಿಮ್ಮೂರಿನ ದರದಿಂದ ಗುಣಿಸಿ ರೂಪಾಯಿಗೆ ತನ್ನಿ. ಕಾರವಾರದವರು ಗಡಿ ದಾಟಿ ಗೋವಾದ ಪೋಳೆಂನಲ್ಲಿ ಅಗ್ಗದ ಪೆಟ್ರೋಲ್ ಹಾಕಿಸುವುದುಂಟು. ಹಾಗೆ ಮಾಡುವವರು ಹೋಗಿ ಬರುವ ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯಲಿ. ಈಗ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಐದು ವರ್ಷ ಹಿಂದಿನ ನಿಮ್ಮ ಹಳೆಯ ಲೆಕ್ಕವನ್ನು ಇವತ್ತಿನ ಹೊಸ ಗಾಡಿಯ ಜೊತೆ ಇಡಬೇಡಿ.

ನನ್ನ ನೋಟ್‌ಬುಕ್‌ನಲ್ಲಿ ಆರು ಸಾಲು ಇದೆ: ತಾರೀಕು, ರಸ್ತೆ, ತಲೆ, ಎಸಿ, ಕಿ.ಮೀ., ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳಿಗೆ ಮೂಲೆ ಮಡಚಿ ಇಟ್ಟಿದ್ದೇನೆ. ಒದ್ದೆ ರಸ್ತೆ, ಹೊಂಡ, ಗಾಜಿನ ಮಂಜು ಹೋಗಲು ಎಸಿ, ಎರಡನೇ ಗೇರ್. ಆ ಪುಟಗಳನ್ನು ಬೇಸಿಗೆಯ ಪುಟಗಳ ಜೊತೆ ನಾನು ಕೂಡಿಸುವುದಿಲ್ಲ. ಭಾವನವರೂ ಈ ಸಲದ ಮಳೆಗಾಲದಿಂದ ಹಾಗೇ ಬರೆಯುತ್ತಿದ್ದಾರೆ.