ಚೆಕಿಂಗ್ ಟೇಬಲ್‌ನಿಂದ ಸಿಎನ್‌ಸಿ ಮೆಷಿನ್‌ಗೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟರ್ನಿಂಗ್ ಶಾಪ್; ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ಗಳಲ್ಲಿ ಲೋಹದ ತುಂಡು ತಿರುಗಿಸಿ ಕಡೆಯುತ್ತೇವೆ. ಬುಷ್, ಪಿನ್, ಸ್ಪೇಸರ್‌ಗಳ ಜಾಬ್ ವರ್ಕ್. ಇಂಥ ಕಡೆ ಹೆಂಗಸರಿಗೆ ಸಿಗುವುದು ಅಂಚಿನ ಚೂಪು ಬರ್ ತೆಗೆಯುವ, ಅಳತೆ ನೋಡುವ, ಪ್ಯಾಕ್ ಮಾಡುವ ಕೆಲಸ. ಹೆಲ್ಪರ್ ಆಗಿ ಸೇರಿದ ಹುಡುಗ ನೋಡನೋಡುತ್ತ ಸೆಟ್ಟರ್, ಅಂದರೆ ಮೆಷಿನ್ ಅನ್ನು ಹೊಸ ಕೆಲಸಕ್ಕೆ ಸಜ್ಜು ಮಾಡುವವ, ಆಗುತ್ತಾನೆ. ಅವನಿಗಿಂತ ಹಳಬಳು ಅದೇ ಟೇಬಲ್ ಮುಂದೆ ಇರುತ್ತಾಳೆ.

ಕಾರಣ ಹುಡುಕಿದರೆ ಸಿಕ್ಕಿದ್ದು ಹೊತ್ತು. ಹಗಲಿನ ಲಾಟ್ ಮುಗಿದ ಮೇಲೆ, ಸಂಜೆ, ಹೊಸ ಜಾಬ್‌ನ ಸೆಟಿಂಗ್. ಚಕ್‌ನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಜಾ ಬದಲಿಸಿ, ಟೂಲ್ ಎಲ್ಲಿ ನಿಲ್ಲಬೇಕೆಂಬ ಅಳತೆ, ಅಂದರೆ ಆಫ್‌ಸೆಟ್, ತೆಗೆದು, ಮೊದಲ ಪೀಸ್ ಓಡಿಸುವುದನ್ನು ಉಳಿದುಕೊಂಡವರು ಪಕ್ಕದಲ್ಲಿ ನಿಂತು ಕಲಿಯುತ್ತಾರೆ. ಹೆಂಗಸರು ಅಷ್ಟರಲ್ಲಿ ಬಸ್ ಹತ್ತಿರುತ್ತಾರೆ. 1948ರ ಕಾರ್ಖಾನೆ ಕಾಯ್ದೆಯೂ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಅವರನ್ನು ಹೊರಗಿಟ್ಟಿತ್ತು.

ಸೆಟಿಂಗ್ ಅನ್ನು ಬೆಳಗಿನ ಪಾಳಿಗೆ ತಂದೆ. ಹಗಲು ಒಂದು ಮೆಷಿನ್ ಸುಮ್ಮನೆ ನಿಲ್ಲುತ್ತದೆ, ನಷ್ಟವೇ; ಆ ಲಾಟನ್ನು ಸಂಜೆ ಓಡಿಸಿ ಸರಿದೂಗಿಸಿದೆವು. ನಮ್ಮ ಹಿರಿಯ ಸೆಟ್ಟರ್, "ಮೇಡಂ, ಆಫ್‌ಸೆಟ್ ತಪ್ಪಿದ್ರೆ ಟೂಲ್ ಹೋಗಿ ಚಕ್‌ಗೆ ಗುದ್ದತ್ತೆ, ಸ್ಪಿಂಡಲ್ ಖರ್ಚು ಯಾರು ಕೊಡ್ತಾರೆ?" ಅಂದರು. ಹುಡುಗರಿಗೆ ಕಲಿಸುವಾಗ ಈ ಪ್ರಶ್ನೆ ಬಂದಿರಲಿಲ್ಲ. ಅವರ ಅಳುಕು ಬೇರೆ ಇತ್ತು: ಕೆಲಸ ಕಲಿಸಿಬಿಟ್ಟರೆ ತನ್ನ ಬೆಲೆ ಏನು? ಪ್ರೋಗ್ರಾಮಿಂಗ್ ಜವಾಬ್ದಾರಿ ಕೊಟ್ಟು ಸಂಬಳ ಏರಿಸಿದ ಮೇಲೆ ಮನಸ್ಸಿಟ್ಟು ಕಲಿಸಿದರು.

ಹೆಂಗಸರು ಬೇಗ ಹಿಡಿದುಕೊಂಡರು. ವರ್ಷಗಟ್ಟಲೆ ಮೈಕ್ರೋಮೀಟರ್ ಹಿಡಿದವರಿಗೆ ಟೂಲ್‌ನ ಕತ್ತರಿಸುವ ತುದಿ, ಇನ್ಸರ್ಟ್, ಸವೆದಾಗ ಯಾವ ಅಳತೆ ಎತ್ತ ಜಾರುತ್ತದೆಂದು ಹೇಳಿಕೊಡಬೇಕೇ? ರಿಜೆಕ್ಟ್ ಪೀಸ್‌ಗಳನ್ನು ಎಣಿಸಿದವರು ಅವರೇ.

ಎಡವಟ್ಟು ಇನ್ನೊಂದು ಕಡೆ ಕಾದಿತ್ತು. ಹೆರಿಗೆ ರಜೆಯ ಖರ್ಚು ತಡೆಯಲಾಗದು ಎಂದು ಅಕ್ಕಪಕ್ಕದ ಮಾಲೀಕರು ಹೇಳುತ್ತಿರುತ್ತಾರೆ. ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇದ್ದರೆ, ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳ ಕೊಡುವುದು ಇಎಸ್‌ಐ ನಿಗಮ. ನಮ್ಮ ಪಾಲು ತಿಂಗಳ ವಂತಿಗೆ, ಶೇ. 3.25. ಆದರೆ ಸಂಬಳ 21,000 ರೂಪಾಯಿ ದಾಟಿದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುತ್ತಲೇ ವಂತಿಗೆ ನಿಲ್ಲುತ್ತದೆ, ಕೆಲ ಕಾಲದ ಮೇಲೆ ಇಎಸ್‌ಐ ಸೌಲಭ್ಯವೂ ಮುಗಿಯಿತು, ಹೆರಿಗೆ ಭತ್ಯೆ ಮಾಲೀಕರ ತಲೆಗೆ. ಸೆಟ್ಟರ್ ಸಂಬಳ ಸರಿಯಾಗಿ ಅಲ್ಲೇ ದಾಟುವುದು. ಬಡ್ತಿ ಕೊಡುವ ಕೈ ಅಲ್ಲಿ ಹಿಂದಕ್ಕೆ ಸರಿಯುತ್ತದೆ, ಬಾಯಲ್ಲಿ ಮಾತ್ರ "ಹೆಂಗಸರಿಗೆ ಮೆಷಿನ್ ಭಾರ" ಅಂತ ಬರುತ್ತದೆ. ನಾನು ಪ್ರತಿ ತಿಂಗಳು ಇದಕ್ಕೆಂದೇ ಬೇರೆ ಖಾತೆಯಲ್ಲಿ ಒಂದಿಷ್ಟು ತೆಗೆದಿಡುತ್ತೇನೆ. ಆಡಿಟರ್‌ಗೆ ಇಷ್ಟವಿಲ್ಲ.

ಇಬ್ಬರು ಸೆಟ್ಟರ್ ಆದರು. ಎಲ್ಲರಿಗಿಂತ ಚುರುಕಿನ ಮೂರನೆಯವಳು ಒಲ್ಲೆ ಅಂದಳು. "ಅಕ್ಕ, ಅಮ್ಮನ ಡಯಾಲಿಸಿಸ್ ಇಎಸ್‌ಐನಲ್ಲೇ ನಡೀತಿದೆ. ಸಂಬಳ ಏರಿಸಿದ್ರೆ ಅದು ಹೋಗತ್ತೆ." ಬೇರೆ ಗುಂಪು ವಿಮೆ ವಿಚಾರಿಸುತ್ತಿದ್ದೇನೆ, ನಮ್ಮಷ್ಟು ಚಿಕ್ಕ ತಂಡಕ್ಕೆ, ಅದೂ ಈಗಾಗಲೇ ಕಾಯಿಲೆ ಇರುವ ತಾಯಿಯನ್ನು ಸೇರಿಸಿ, ಒಪ್ಪುವ ಕಂಪನಿ ಇನ್ನೂ ಸಿಕ್ಕಿಲ್ಲ.